ತಾಳಿಗೆ ಬೀಳದ ತೀರ್ಥ

ಪೂಜ್ಯ ಮರಿದಾಸ ಸ್ವಾಮಿಗಳು ಕಲ್ಲುಕೊಪ್ಪಲಿನ ಕಥೋಲಿಕ ಕ್ರೈಸ್ತರ ಧರ್ಮಕೇಂದ್ರದಲ್ಲಿ ಹದಿನಾರು ವರ್ಷ ಗುರುಗಳಾಗಿದ್ದರು. ಅವರು ವಾಸವಿದ್ದ ಗುರುಮನೆ ಎಂಬುದು ಹೆಸರಿಗೆ ಮಾತ್ರ. ಎರಡು ಕೋಣೆ, ಒಂದು ಜಗಲಿ. ಒಂದು ದಿನ ಬೆಳಗಿನ ಬಲಿಪೂಜೆ ಮುಗಿಸಿ ಅವರು ಆ ಜಗಲಿಯ ಮೇಲೆ ಕುಳಿತು, ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಿದ್ದರು. ಆಗ ಗಾರೆ ಕೆಲಸದ ಚೌರಪ್ಪ ಗೆದ್ದವನ ಮುಖ ಹೊತ್ತು ಬಂದ.

ಚೌರಪ್ಪನ ಕಷ್ಟ ಊರಿಗೆಲ್ಲ ಗೊತ್ತಿತ್ತು. ಅವನೇ ಸಾರಿಕೊಂಡು ತಿರುಗಿದ್ದ. ಎಂಟು ತಿಂಗಳ ಹಿಂದೆ ಟೈಫಾಯ್ಡ್ ಜ್ವರ ಬಂದು ಹೆಂಡತಿ ಆರೋಗ್ಯಮ್ಮನ ನಾಲಿಗೆಗೆ ರುಚಿಯೇ ತಿಳಿಯದಂತಾಗಿತ್ತು. ಅಂದಿನಿಂದ ಆ ಮನೆಯ ಸಾರು ಒಂದು ದಿನ ಸಮುದ್ರ, ಮರುದಿನ ಸಪ್ಪೆ ನೀರು. ಆಕೆಯನ್ನು ತವರಿಗೆ ಕಳಿಸಿಬಿಡಬೇಕೆಂದು ಅವನು ಹಟ ಹಿಡಿದಿದ್ದ. ಅಡ್ಡ ನಿಂತದ್ದು ದೇವಾಲಯದಲ್ಲಿ ಆದ, ಮುರಿಯಲು ಬಾರದ ಮದುವೆಯೊಂದೇ. ಪುಣ್ಯಾತ್ಮ ಈಗ ಅದಕ್ಕೂ ದಾರಿ ಹುಡುಕಿಕೊಂಡಿದ್ದ.

ದೇವಾಲಯದ ಗಂಟೆ ಬಾರಿಸುವ ಮುದುಕ ಅವನ ಬಳಿ ಬಾಯಿಬಿಟ್ಟಿದ್ದನಂತೆ: ಇಪ್ಪತ್ತೆರಡು ವರ್ಷದ ಹಿಂದೆ, ಚೌರಪ್ಪನ ಮದುವೆಯ ದಿನ, ತೀರ್ಥದ ಪಾತ್ರೆ ತುಂಬಿಸುವುದನ್ನೇ ಮುದುಕ ಮರೆತಿದ್ದ. ಆಗಿನ ವೃದ್ಧ ಗುರುಗಳಿಗೆ ಕಣ್ಣು ಮಂಜು. ಅವರು ಅಷ್ಟೊಂದು ಭಕ್ತಿಯಿಂದ ತಾಳಿಯ ಮೇಲೆ ಚಿಮುಕಿಸಿದ್ದು ಬರೀ ಗಾಳಿ.

"ತೀರ್ಥನೇ ಬೀಳದ ಮೇಲೆ ಅದೆಂಥ ಮದುವೆ ಸ್ವಾಮಿ? ಆ ಗುರುಗಳು ಮಾಡಿದ್ದು ನಡೆಯಲ್ಲ ಅಂತ ಒಂದು ಚೀಟಿ ಬರ್ಕೊಡಿ, ಸಾಕು" ಎಂದ.

ಸ್ವಾಮಿಗಳು ಕಾಳು ಹಿದುಕುವುದನ್ನು ನಿಲ್ಲಿಸಲಿಲ್ಲ. ಪೀಠದ ಮುಂದೆ ಸಮ್ಮತಿ ಕೇಳಿದಾಗ ಏನೆಂದೆ ಎಂದು ವಿಚಾರಿಸಿದರು. ಕೇಳಿ ಮುಗಿಸುವ ಮೊದಲೇ ಹೂಂ ಎಂದು ಎರಡು ಸಲ ಕೂಗಿದ್ದೆ, ಜನ ನಕ್ಕಿದ್ದರು ಎಂದು ಚೌರಪ್ಪ ಹೆಮ್ಮೆಯಿಂದಲೇ ಹೇಳಿದ. ಸುಖದಲ್ಲೂ ಕಾಯಿಲೆಯಲ್ಲೂ ಕೈಬಿಡುವುದಿಲ್ಲ ಎಂದದ್ದು ನೆನಪಿದೆಯೇ ಎಂದರು. ಅದೂ ನೆನಪಿತ್ತು. ಆದರೆ ಈ ಸಲ ದನಿ ಇಳಿಯಿತು.

"ಜ್ಞಾನಸ್ನಾನ ನಾವು ಕೊಡ್ತೀವಿ ಚೌರಪ್ಪ, ಪಾಪಕ್ಷಮೆ ನಾವು ಕೊಡ್ತೀವಿ. ಮದುವೆಯ ಸಂಸ್ಕಾರ ಮಾತ್ರ ಗಂಡು ಹೆಣ್ಣು ಒಬ್ಬರಿಗೊಬ್ಬರು ಕೊಟ್ಟುಕೊಳ್ಳೋದು. ನಾವು ಬರೀ ಸಾಕ್ಷಿ. ಆರೋಗ್ಯಮ್ಮನಿಗೆ ಅದನ್ನ ಕೊಟ್ಟ ಗುರು ನೀನೇ. ಈಗ ಹೇಳು, ಕೊಟ್ಟಿದ್ದೀಯೋ ಇಲ್ಲವೋ?"

ಬಾಯಿಬಡುಕನೆಂದು ಹೆಸರಾದವನು ಚೀಟಿಯ ಮಾತೆತ್ತದೆ ಎದ್ದು ಹೋದ.

ಮನೆಯಲ್ಲಿ ಆರೋಗ್ಯಮ್ಮ ಒಲೆಯ ಮುಂದೆ ಉಪ್ಪು ಹಿಡಿದು, ಎಷ್ಟು ಹಾಕಬೇಕೆಂದು ತಿಳಿಯದೆ ಕೂತಿದ್ದಳು. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಎಲ್ಲಿಗೆ, ಏಕೆ ಹೋಗಿದ್ದೆ, ಸ್ವಾಮಿಗಳು ಏನೆಂದರು, ಎಲ್ಲವನ್ನೂ ತಡವರಿಸುತ್ತ ಹೇಳಿಬಿಟ್ಟ.

"ನಿಮ್ಮ ಬಾಯಿ ತಡೀಲಾರದೆ ಹೋದ ತಿಂಗಳು ನಾನೂ ಹೋಗಿದ್ದೆ" ಎಂದಳು ಆಕೆ. "ಸ್ವಾಮಿಯೋರು ನಂಗೂ ಅದನ್ನೇ ಕೇಳಿದ್ರು. ಅದಕ್ಕೇ ಇನ್ನೂ ಇಲ್ಲಿದ್ದೀನಿ."

ಚೌರಪ್ಪ ಒಲೆಯ ಬಳಿ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿದ. ಆಕೆ ಸೌಟಿನಿಂದ ನಾಲ್ಕು ಹನಿ ಸಾರು ಬಿಟ್ಟಳು. ನೆಕ್ಕಿ ನೋಡಿ, ಇನ್ನೊಂದು ಚಿಟಿಕೆ ಹಾಕು ಎಂದ.

ಅಂದಿನಿಂದ ಆ ಮನೆಯಲ್ಲಿ ಉಪ್ಪು ನೋಡುವವನು ಅವನೇ ಆದ. ಗಾರೆ ಕೆಲಸ ಬಿಟ್ಟು ಮಧ್ಯಾಹ್ನ ಮನೆಗೆ ಓಡುವುದನ್ನು ಕಂಡು ಜೊತೆಯವರು ನಕ್ಕರೆ, "ನಮ್ಮನೇಲಿ ಗುರು ನಾನು, ಹೊತ್ತಿಗೆ ಸರಿಯಾಗಿ ಹೋಗ್ಬೇಕು" ಎನ್ನುತ್ತಿದ್ದನಂತೆ.