ಪೈಪಿಲ್ಲದ ಇಂಗುಗುಂಡಿ

ಚಿತ್ರದುರ್ಗದಲ್ಲಿ ಗುರುಮೂರ್ತಪ್ಪನೆಂಬ ಬಿಲ್ಡರ್ ಇದ್ದ. ಅವನು ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟಿಗೆ ‘ಹಸಿರು ಕಟ್ಟಡ’ ಎಂಬ ಪ್ರಮಾಣಪತ್ರ ಬೇಕಾಗಿತ್ತು. ಗೋಡೆಗೆ ಹಸಿರು ಬಣ್ಣ ಬಳಿದರೆ ಅದು ಸಿಗುವುದಿಲ್ಲ, ಮಕ್ಕಳೇ. ಚಾವಣಿಯ ಮಳೆನೀರು ಪೈಪಿನಲ್ಲಿ ಇಳಿದು ಇಂಗುಗುಂಡಿ ಸೇರಬೇಕು, ಅಲ್ಲಿಂದ ನೆಲಕ್ಕೆ ಇಂಗಿ ಬೋರ್‌ವೆಲ್ಲಿಗೆ ಜೀವ ಕೊಡಬೇಕು. ತಪಾಸಣೆಯವರು ಬಂದು ನೋಡಿ ಒಪ್ಪಬೇಕು.

ಇಂಜಿನಿಯರ್ ತಿಪ್ಪೇಶ ಗುಂಡಿಯನ್ನೇನೋ ಚೆನ್ನಾಗಿಯೇ ತೋಡಿಸಿದ. ಪೈಪ್ ಹಾಯಬೇಕಾದ ಕಡೆ ಮಾತ್ರ ಗುರುಮೂರ್ತಪ್ಪ ಅವಸರಪಟ್ಟು ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸಿಬಿಟ್ಟಿದ್ದ.

“ಹಾಕಿದ್ದನ್ನ ಒಡೆಯೋದಾ? ಬ್ಯಾಡ ಬಿಡಪ್ಪ. ಗುಂಡೀಲಿ ನೀರು ಕಂಡ್ರೆ ಸಾಕು. ಪೈಪ್ ಐತೋ ಇಲ್ವೋ ಅಂತ ಯಾರು ಅಗೆದು ನೋಡ್ತಾರೆ?”

“ಬೇಸಿಗೇಲಿ ಜನ ನೀರಿಗೆ ಏನ್ಮಾಡ್ತಾರೆ ಸಾರ್?”

“ಅದು ಅವರ ಪಾಡು. ನೀನು ಸಹಿ ಹಾಕು. ನಿಂಗೂ ಇಲ್ಲೇ ಒಂದು ಮನೆ ಕೊಡ್ತೀನಿ.”

ತಿಪ್ಪೇಶನ ಹೆಂಡತಿ ಬಾಡಿಗೆ ಮನೆ ಬದಲಾಯಿಸಿ ಬದಲಾಯಿಸಿ ಸೋತಿದ್ದಳು. ಅವನಿಗೆ ಆಸೆಯಾಯಿತು. ತಪಾಸಣೆಯ ದಿನ ಬೆಳಿಗ್ಗೆ ನೀರು ಮಾರುವ ದಾದಾಪೀರನ ಟ್ಯಾಂಕರ್ ತರಿಸಿ ಗುಂಡಿ ತುಂಬಿಸಿದ, ಸಹಿಯನ್ನೂ ಹಾಕಿದ. ಬಂದವರು ಇಣುಕಿ ನೋಡಿ ತಲೆದೂಗಿ ಹೋದರು. ಗೋಡೆಗೆ ‘ಹಸಿರು ಕಟ್ಟಡ’ ಎಂಬ ಹಿತ್ತಾಳೆಯ ಫಲಕ ಬಂತು. ತಿಪ್ಪೇಶ ಹಾಲುಕ್ಕಿಸಿ ಹೊಸ ಮನೆ ಹೊಕ್ಕ.

ಮಳೆಗಾಲದಲ್ಲಿ ಚಾವಣಿಯ ನೀರೆಲ್ಲ ಚರಂಡಿ ಪಾಲಾಯಿತು. ಅವನು ಕಿಟಕಿ ಮುಚ್ಚಿಕೊಂಡ. ಬೇಸಿಗೆಗೆ ಬೋರ್‌ವೆಲ್ ಬತ್ತಿತು. ಗುರುಮೂರ್ತಪ್ಪ ಅಷ್ಟರಲ್ಲಿ ದಾವಣಗೆರೆಯಲ್ಲಿ ಇನ್ನೊಂದು ಹಸಿರು ಕಟ್ಟಡಕ್ಕೆ ಗುದ್ದಲಿ ಪೂಜೆ ಮಾಡಿಸಿದ್ದ. ಇಲ್ಲಿ ಜನ ಕೊಡ ಹಿಡಿದು ಫಲಕದ ಕೆಳಗೇ ಸಾಲು ನಿಂತರು.

ಪಕ್ಕದ ಮನೆಯ ನಿರ್ಮಲಮ್ಮ ಮಂಡಿ ನೀವಿಕೊಳ್ಳುತ್ತ ಕೇಳಿದರು, “ಅಷ್ಟು ಮಳೆ ಬಂತಲ್ಲಪ್ಪ ತಿಪ್ಪೇಶ, ನಮ್ಮ ಬೋರ್ ಯಾಕೆ ಬತ್ತಿತು?”

“ಕಲ್ಲು ನೆಲ ಕಣಮ್ಮ, ನೀರು ಹಿಡಿಯಲ್ಲ” ಎಂದ. ಇಷ್ಟು ಹೊತ್ತಿಗೆ ಸುಳ್ಳು ಹೇಳುವುದು ಅವನಿಗೆ ರೂಢಿಯಾಗಿತ್ತು.

ಟ್ಯಾಂಕರ್ ಬಂತು. ದಾದಾಪೀರ್ ಇಳಿದವನೇ ಗುರುತು ಹಿಡಿದು ನಕ್ಕ. “ನಮಸ್ಕಾರ ಇಂಜಿನಿಯರ್ ಸಾಹೇಬ್ರೆ! ಅವತ್ತಿನಂಗೆ ಗುಂಡಿಗೇ ಬಿಡ್ಲಾ, ಇಲ್ಲ ಜನಕ್ಕೆ ಕೊಡ್ಲಾ?”

ಸಾಲಿನಲ್ಲಿದ್ದವರೆಲ್ಲ ತಿಪ್ಪೇಶನತ್ತ ತಿರುಗಿದರು. ತಿಪ್ಪೇಶನ ಹೆಂಡತಿ ಸಾಲಿನ ಮುಂದೆಯೇ ಇದ್ದಳು. ಅವಳು ಗಂಡನ ಮುಖ ನೋಡಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಎಲ್ಲರ ಹಿಂದೆ ಹೋಗಿ ನಿಂತಳು.

ನೀತಿ: ಕಣ್ಣಿಗೆ ಮಣ್ಣೆರಚಿ ಪ್ರಮಾಣಪತ್ರ ಪಡೆಯಬಹುದು. ಬಾಯಾರಿದ ಮನೆಯವರಿಗೆ ಅದನ್ನು ಕುಡಿಸಲಾಗದು. ಸುಳ್ಳಿಗೆ ಸಹಿ ಹಾಕುವ ಮುನ್ನ, ನಾಳೆ ಅದರೊಳಗೆ ಬಾಳಬೇಕಾದವರು ಯಾರೆಂದು ನೋಡಿಕೊಳ್ಳಿ.