ಚೆನ್ನಾಜಮ್ಮ ಕೋವಿ ಇಳಿಸಿದ್ದು

ಹಿಂದೆ, ನಮ್ಮ ಅಜ್ಜಿಯ ಅಜ್ಜಿಗೂ ಹಿಂದೆ, ಕಾಡಂಚಿನಲ್ಲಿ ನೆಲ್ಲಿಬೋರೆ ಅಂತ ಒಂದೂರಿತ್ತು. ಊರು ಈಗಲೂ ಇದೆ, ಕಾಡು ಮಾತ್ರ ಹಿಂದಕ್ಕೆ ಸರಿದಿದೆ. ಆ ಊರಲ್ಲಿ ಕುಲುಮೆ ಚೆನ್ನಾಜಮ್ಮ ಅಂತ ಒಬ್ಬಳಿದ್ದಳಂತೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಹೆಣ್ಣಿಗೆ ಅವನು ಕೆಲಸ ಕಲಿಸಲೂ ಇಲ್ಲ. ಇವಳೇ ಬಾಗಿಲ ಸಂದಿಯಲ್ಲಿ ನೋಡಿ ನೋಡಿ ಕಲಿತಳಂತೆ. ಅಪ್ಪ ಸತ್ತು ಸೂತಕ ಕಳೆದ ಬೆಳಿಗ್ಗೆ ಯಾರನ್ನೂ ಕೇಳದೆ ಸುತ್ತಿಗೆ ಹಿಡಿದು ಕೂತಳಂತೆ.

ಗಂಡ ನಾಗಾಚಾರಿ ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದ. ಹೆಂಡತಿ ಕೈಲಿ ಸುತ್ತಿಗೆ, ಗಂಡನ ಕೈಲಿ ತಿದಿ ಅಂತ ಊರು ನಗುತ್ತಿತ್ತು. ಅವನೂ ನಗುತ್ತಿದ್ದ. "ನಗೋರು ನಗಿ. ನಿಮ್ಮ ನೇಗಿಲ ಗುಳ ಮೊಂಡಾದಾಗ ನಗ್ತಾ ಬನ್ನಿ, ನೋಡೋಣ" ಅನ್ನುತ್ತಿದ್ದನಂತೆ.

ಚೆನ್ನಾಜಮ್ಮ ಗುಳ ತಟ್ಟುವಳು, ಕುಡುಗೋಲು ಬಡಿಯುವಳು, ಸುತ್ತೂರುಗಳ ಕೋವಿಯನ್ನೂ ರಿಪೇರಿ ಮಾಡುವಳು. ರಿಪೇರಿಯಾದ ಕೋವಿಯನ್ನು ತಾನೇ ಒಮ್ಮೆ ಹಾರಿಸಿ ನೋಡದೆ ಕೊಡುತ್ತಿರಲಿಲ್ಲವಂತೆ. ಮೂರು ಹರದಾರಿ ದೂರದ ಅರಳಿಯ ಕೊಂಬೆಯಲ್ಲಿ ಕೂತ ಹಕ್ಕಿಗೂ ಅವಳ ಗುರಿ ತಪ್ಪುತ್ತಿರಲಿಲ್ಲ ಅನ್ನುತ್ತಾರೆ. ಮೂರು ಹರದಾರಿ ಯಾರೂ ಅಳೆದಿಲ್ಲ ಬಿಡಿ.

ಒಂದು ವರ್ಷ ಆ ಊರಿಗೆ ಒಂದು ಚಿರತೆ ಬಿತ್ತು. ಮೊದಲು ಕುರಿ, ಆಮೇಲೆ ನಾಯಿ, ಆಮೇಲೆ ಮನುಷ್ಯರು. ಏಳು ಜನ ಅನ್ನುವವರಿದ್ದಾರೆ, ಹದಿನೇಳು ಅನ್ನುವವರೂ ಇದ್ದಾರೆ. ಊರಿಗೆ ಇದ್ದದ್ದು ಒಂದೇ ಕೋವಿ, ಅದನ್ನು ಹಿಡಿಯುತ್ತಿದ್ದವನು ಬೊಮ್ಮೇಗೌಡ. ಒಂದು ಕಾಲಕ್ಕೆ ಅವನಂಥ ಗುರಿಕಾರ ಇರಲಿಲ್ಲ. ಈಗ ವಯಸ್ಸಾಗಿತ್ತು. ಎರಡು ಸಲ ಚಿರತೆ ಎದುರಿಗೇ ನಿಂತಿತು, ಎರಡು ಸಲವೂ ಗುಂಡು ಮಣ್ಣಿಗೆ ಹೋಯಿತು. ಎರಡನೆಯ ಸಲ ತಪ್ಪಿದ ಮಾರನೆಯ ದಿನ ಹೂವಿನ ಸಿದ್ದಮ್ಮನನ್ನು ಅದು ಹಿತ್ತಲಿಂದಲೇ ಎಳೆದುಕೊಂಡು ಹೋಯಿತಂತೆ.

ಬೊಮ್ಮೇಗೌಡ ಕುಲುಮೆಗೆ ಬಂದು ಕೂತ. ಕೋವಿಯ ಹಿಂಬದಿಯಲ್ಲಿ ಒಂದು ಸೀಳು, ನಳಿಗೆಯ ತುದಿಯಲ್ಲಿ ಕಬ್ಬಿಣದ ಒಂದು ಮೊಳೆ. ಸೀಳಿನೊಳಗೆ ಮೊಳೆ ಕೂರಬೇಕು, ಮೊಳೆಯ ಮೇಲೆ ಮಿಕ ಕೂರಬೇಕು, ಆಗ ಗುಂಡು ಬಿಡಬೇಕು. "ಮೊಳೆ ಕಂಡರೆ ಚಿರತೆ ಮಸುಕು, ಚಿರತೆ ಕಂಡರೆ ಮೊಳೆ ಮಸುಕು. ಈ ಮೂರನ್ನೂ ಸಾಲಾಗಿ ನಿಲ್ಲಿಸೋಕೆ ನನ್ನ ಕಣ್ಣಿಗೆ ಆಗ್ತಿಲ್ಲ ಕಣವ್ವ" ಅಂದನಂತೆ.

ಚೆನ್ನಾಜಮ್ಮ ಯೋಚಿಸಿದಳು. ಬೇಲಿಯ ಬಳ್ಳಿಯಿಂದ ಒಂದು ಗುಲಗಂಜಿ ಕಿತ್ತು ತಂದಳು. ಮೊಳೆಯನ್ನು ಅರ್ಧಕ್ಕೆ ಅರದಿಂದ ಉಜ್ಜಿ, ಅದರ ಮೇಲೆ ಅರಗು ಕಾಸಿ, ಗುಲಗಂಜಿಯ ಕಪ್ಪು ಕಣ್ಣು ಆಚೆಗೆ, ಕೆಂಪು ಈಚೆಗೆ ಬರುವಂತೆ ಕೂರಿಸಿದಳು. "ಸೀಳು ಮರೆತುಬಿಡಣ್ಣ. ಎರಡು ಕಣ್ಣೂ ಬಿಟ್ಟು ನೋಡು. ಕೆಂಪು ಎಲ್ಲಿ ಕೂರುತ್ತೋ ಅಲ್ಲಿಗೆ ಗುಂಡು" ಅಂದಳು.

ನಡುಮಧ್ಯಾಹ್ನ ಹುಣಸೆಮರಕ್ಕೆ ಮೂರು ಮಡಕೆ ಕಟ್ಟಿದರು. ಮೂರೂ ಒಡೆದುಹೋದವು. ಮುದುಕ ಎತ್ತುವುದಷ್ಟೇ ತಡ, ಮಡಕೆ ಚೂರು. ಊರು ಕೇಕೆ ಹಾಕಿತು. ನಾಗಾಚಾರಿ ಒಬ್ಬ ಬಗ್ಗಿ ಮಡಕೆಯ ಚೂರು ಆಯುತ್ತಿದ್ದ. ಮನೆಗೆ ಬಂದ ಮೇಲೆ ಕೇಳಿದನಂತೆ: "ಬೊಮ್ಮಣ್ಣನಿಗೆ ಕಾಣದೆ ಇರೋದು ಮೊಳೆ ಒಂದೇನಾ? ಮಡಕೆ ಎಲ್ಲಿದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಲ್ಲ."

"ತಿದಿ ಒತ್ತೋರು ತಿದಿ ಒತ್ತಿ" ಅಂದಳಂತೆ ಚೆನ್ನಾಜಮ್ಮ. ಹಟದವಳು. ತನ್ನ ಕೈಕೆಲಸದ ಮೇಲೆ ಯಾರ ಮಾತನ್ನೂ ಸಹಿಸುವವಳಲ್ಲ.

ನಾಲ್ಕು ದಿನ ಕಳೆಯಿತು. ಐದನೆಯ ಸಂಜೆ ಬೊಮ್ಮೇಗೌಡ ಜೋಳದ ಹೊಲದ ಬದುವಿನಲ್ಲಿ ಕಾದಿದ್ದ. ಸೂರ್ಯ ಮುಳುಗುವ ಹೊತ್ತು, ಗುಲಗಂಜಿ ಕೆಂಡದ ಹಾಗೆ ಹೊಳೆಯುತ್ತಿತ್ತು. ಜೋಳದ ಸಾಲು ಅಲ್ಲಾಡಿತು. ಕಪ್ಪಗೆ ಏನೋ ಬಗ್ಗಿ ಬಂತು. ಕೆಂಪು ಅದರ ಮೇಲೆ ಕೂತಿತು. ಮುದುಕ ಕೋವಿಯ ಕುದುರೆ ಎಳೆದ.

ಅದು ನಾಗಾಚಾರಿ. ಕಾಡಿನಲ್ಲಿ ಇದ್ದಿಲು ಸುಟ್ಟು, ಮೂಟೆ ಹೊತ್ತು, ಕರಿಕಂಬಳಿ ಕೊಪ್ಪೆ ಹಾಕಿಕೊಂಡು, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂದು ಹೊಲದ ನಡುವೆ ಹಾಯ್ದು ಬರುತ್ತಿದ್ದ. ಇದ್ದಿಲ ಮೂಟೆಯನ್ನೂ ತೂರಿಕೊಂಡು ಹೋಗಿತ್ತು ಗುಂಡು. ಹೆಣ ಮನೆಗೆ ಬಂದಾಗ ರಕ್ತ ಕಪ್ಪಗಿತ್ತು ಅನ್ನುತ್ತಾರೆ.

ಬೊಮ್ಮೇಗೌಡ ಕೋವಿಯನ್ನು ಅವಳ ಹೊಸ್ತಿಲ ಮೇಲಿಟ್ಟ. "ಕೆಂಪು ಕೂತಿತ್ತು ತಾಯಿ. ಅದರ ಹಿಂದೆ ಏನಿದೆ ಅಂತ ನಾನು ನೋಡಲಿಲ್ಲ."

"ನೋಡೋ ಹಾಗೆ ಮಾಡಿಕೊಟ್ಟಿರಲಿಲ್ಲ ನಾನು" ಅಂದಳಂತೆ. ಅಷ್ಟೇ. ಅತ್ತಳೋ ಇಲ್ಲವೋ, ಯಾರೂ ಕಂಡವರಿಲ್ಲ.

ಆ ಕೋವಿಯನ್ನು ಬಾವಿಗೆ ಎಸೆಯಿರಿ ಅಂದಿತು ಊರು. ಆದರೆ ಚಿರತೆ ಇನ್ನೂ ಇತ್ತಲ್ಲ. ನಾಗಾಚಾರಿ ಸತ್ತ ಒಂಬತ್ತನೆಯ ದಿನ ನೀರಿಗೆ ಹೋದ ಒಬ್ಬ ಬಸುರಿಯನ್ನು ಅದು ಹಿಡಿಯಿತು. ಸೂತಕದ ಮನೆಯಲ್ಲಿ ಒಲೆಯನ್ನೇ ಹಚ್ಚುವಂತಿಲ್ಲ, ಕುಲುಮೆ ಎಲ್ಲಿಂದ ಬಂತು? ಚೆನ್ನಾಜಮ್ಮ ಹಚ್ಚಿದಳು. ಒಂದು ಕೈಯಲ್ಲಿ ತಾನೇ ತಿದಿ ಒತ್ತಿ, ಇನ್ನೊಂದು ಕೈಯಲ್ಲಿ ತಾನೇ ತಟ್ಟಿ, ಹೊಸ ಮೊಳೆ ಮಾಡಿದಳು. ಗುಲಗಂಜಿಯನ್ನು ಅರಗಿನ ಸಮೇತ ಕೆತ್ತಿ ಬೆಂಕಿಗೆ ಹಾಕಿದಳು. ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹತ್ತು ಕಳೆಯದೆ ಹೊಸ್ತಿಲು ದಾಟಬೇಡ ಕಣೆ ಅಂದರು. "ಚಿರತೆ ಸೂತಕ ನೋಡುತ್ತಾ?" ಅಂತ ಕೇಳಿ ದಾಟಿದಳು.

ಹತ್ತನೆಯ ದಿನದ ನಸುಕು. ಅದೇ ಜೋಳದ ಹೊಲ, ಅದೇ ಬದು. ಒಂದು ಗುಂಡಿನ ಕೋವಿ. ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಪ್ರಾಣ ಇರುವುದಿಲ್ಲ. ಸಾಲು ಅಲ್ಲಾಡಿತು. ಕಪ್ಪಗೆ ಏನೋ ಬಗ್ಗಿ ಬಂತು. ಚೆನ್ನಾಜಮ್ಮ ಕೋವಿ ಎತ್ತಿದಳು. ಒಂದು ಕಣ್ಣು ಮುಚ್ಚಿ ಸೀಳು ಹುಡುಕಿದಳು, ಸೀಳಿನೊಳಗೆ ಮೊಳೆ ತಂದಳು, ಮೊಳೆಯ ಆಚೆ ನೋಡಿದಳು. ಕರಿಕಂಬಳಿ. ಕಂಬಳಿಯೊಳಗೆ ಬೊಮ್ಮೇಗೌಡ.

ಅವಳಿಗೆ ಜೊತೆಯಾಗಲಿ ಅಂತ ಮುದುಕ ಬಂದ ಅನ್ನುತ್ತಾರೆ ಕೆಲವರು. ಅಲ್ಲ, ಬೇಕೆಂದೇ ನಾಗಾಚಾರಿಯ ಹಾಗೆ ಕೊಪ್ಪೆ ಹಾಕಿಕೊಂಡು, ನಾಗಾಚಾರಿ ಬಂದ ದಾರಿಯಲ್ಲೇ ಬಂದ, ಹೊಡೆದು ಹಗೆ ತೀರಿಸಿಕೊಳ್ಳಲಿ ಅಂತ ಬಂದ ಅನ್ನುತ್ತಾರೆ ಇನ್ನು ಕೆಲವರು. ಹೊಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಚಿರತೆ ಅಂದುಕೊಂಡೆ ಅಂದಿದ್ದರೆ ಸಾಕಿತ್ತು. ಆ ಮಾತನ್ನು ಊರು ಒಮ್ಮೆ ಒಪ್ಪಿತ್ತು. ಅವಳು ಅವನ ಮುಖ ಕಂಡಳು. ಕಂಡ ಮೇಲೂ ಕೋವಿ ಎತ್ತೇ ಇತ್ತು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಎತ್ತೇ ಇತ್ತು ಅನ್ನುತ್ತಾರೆ. ಮುದುಕ ನಿಂತಲ್ಲೇ ನಿಂತಿದ್ದ.

ಆಮೇಲೆ ಇಳಿಸಿದಳು.

ಇಳಿಸಿದ ಮೇಲೆ ಕಂಡಿತು, ಮುದುಕನ ಬೆನ್ನ ಹಿಂದೆ ಜೋಳದ ದಂಟಿನ ನಡುವೆ ಹೊಂಚಿ ಬರುತ್ತಿದ್ದ ಚಿರತೆ. ನಳಿಗೆಗೆ ಕಣ್ಣು ಕೊಟ್ಟಾಗ ಅದು ಕಂಡಿರಲಿಲ್ಲ. "ಕೂತ್ಕೊ" ಅಂದಳಂತೆ. ಮುದುಕ ಕುಸಿದ. ಎರಡನೆಯ ಸಲ ಕೋವಿ ಎತ್ತಿದಳು. ಸೀಳು, ಮೊಳೆ, ಚಿರತೆ. ಗುಂಡು ಹಣೆಗೆ ಹೋಯಿತು.

ಅದಾದ ಮೇಲೆ ಚೆನ್ನಾಜಮ್ಮ ಬಹಳ ವರ್ಷ ಬದುಕಿದಳು. ತಿದಿಗೆ ಯಾರನ್ನೂ ಕೂರಿಸಲಿಲ್ಲ. ಬೊಮ್ಮೇಗೌಡನ ಜೊತೆ ಮತ್ತೆ ಮಾತಾಡಲಿಲ್ಲ. ಅವನು ಸತ್ತಾಗ ಮಾತ್ರ ಒಂದು ಹಿಡಿ ಮಣ್ಣು ಹಾಕಿ ಬಂದಳಂತೆ.

ಇವತ್ತಿಗೂ ನೆಲ್ಲಿಬೋರೆಯವರು ಬೆಳೆಗೆ ಬಿದ್ದ ಹಂದಿಯ ಮೇಲೆ ಒಂದೇ ಸಲಕ್ಕೆ ಕೋವಿ ಎತ್ತಿ ಹೊಡೆಯುವುದಿಲ್ಲ. ಒಮ್ಮೆ ಎತ್ತುತ್ತಾರೆ, ಪೂರ್ತಿ ಇಳಿಸುತ್ತಾರೆ, ಬರಿಗಣ್ಣಲ್ಲಿ ನೋಡುತ್ತಾರೆ, ಮತ್ತೆ ಎತ್ತುತ್ತಾರೆ. ಅಷ್ಟರಲ್ಲಿ ಹಂದಿ ಎಷ್ಟೋ ಸಲ ಓಡಿಹೋಗಿರುತ್ತದೆ. ಹೊಲ ಹಾಳಾದರೂ ಯಾರೂ ಬೈಯುವುದಿಲ್ಲ. ಓಡಿಹೋದದ್ದು ಚೆನ್ನಾಜಮ್ಮನ ಪಾಲು ಅಂದುಕೊಂಡು ಕೋವಿ ಹೆಗಲಿಗೇರಿಸಿ ಮನೆಗೆ ಬರುತ್ತಾರೆ.