ಬೊಪ್ಪಣ್ಣ ಅಳೆದ ಮೂರು ಹೊಡೆತ

ದೇವರನ್ನು ನೆನೆದು ಹತ್ತಿರ ಬನ್ನಿ ಮಕ್ಕಳೇ, ಹೇಳುತ್ತೇನೆ. ಕಂಚುಗಲ್ಲು ಅನ್ನೋ ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನಿಗೆ ಚಿನ್ನಿದಾಂಡಿನ ಹುಚ್ಚು. ಆಡುವವರಿಗೆ ಅನ್ನ, ಬಟ್ಟೆ, ಮನೆ ಎಲ್ಲ ಅರಮನೆಯದೇ.

ಆಟಗಾರರಲ್ಲಿ ಸಿದ್ದಲಿಂಗ ಮೊದಲಿಗ. ದಿನಾ ಸ್ವಾಮಿಗೆ ಕೈಮುಗಿದು ನೂರು ಸಲ ಚಿನ್ನಿ ಹೊಡೆಯುತ್ತಿದ್ದ. ಎರಡನೆಯವನು ಬೊಪ್ಪಣ್ಣ. ಅವನಿಗೆ ನಿದ್ದೆ ಇಷ್ಟ, ಹೊಗಳಿಕೆ ಇನ್ನೂ ಇಷ್ಟ.

ಒಮ್ಮೆ ರಾಜ ಡಂಗುರ ಹೊಡೆಸಿದ: "ಹುಣ್ಣಿಮೆಯ ದಿನ ಇಬ್ಬರಿಗೂ ಮೂರು ಮೂರು ಹೊಡೆತ. ಗೆದ್ದವನು ಅರಮನೆಯಲ್ಲಿ, ಸೋತವನು ಊರಾಚೆ."

ಹುಣ್ಣಿಮೆಯ ಬೆಳಿಗ್ಗೆ ಬೊಪ್ಪಣ್ಣ ಲಾಯಕ್ಕೆ ನುಗ್ಗಿದ. ರಾಜನ ಕುದುರೆಗೆ ಬಲ ಬರಲೆಂದು ಇಟ್ಟಿದ್ದ ಲೇಹ್ಯವನ್ನು ಬೊಗಸೆಗಟ್ಟಲೆ ತಿಂದ. ತೋಳು ಕುಂಬಳಕಾಯಿಯಂತೆ ಉಬ್ಬಿತು. ಅಂಗಿ ಪರ್ರೆಂದು ಹರಿಯಿತು.

ಸಿದ್ದಲಿಂಗ ಮೂರು ಸಲ ಹೊಡೆದ. ಮೂರೂ ಬಯಲಿನ ಅಂಚಿಗೆ ಬಿದ್ದವು. ಅವನು ಬಗ್ಗಿ, ದಾಂಡು ಊರಿ ಊರಿ ಅಳೆದ. ಎಣಿಸುವ ಅಜ್ಜಿ ಚಂದ್ರವ್ವ ಎಣಿಸಿದಳು.

ಬೊಪ್ಪಣ್ಣ ಹೊಡೆದ. ಚಿನ್ನಿ ಕೆರೆ ದಾಟಿತು. ಇನ್ನೊಂದು ಹೊಡೆದ. ಜಾಲಿಮುಳ್ಳಿನ ಪೊದೆ ದಾಟಿತು. ಮತ್ತೊಂದು ಹೊಡೆದ. ಗುಡ್ಡವನ್ನೇ ದಾಟಿತು!

"ಅಳೆಯೋದೇನು ಬಂತು? ಗೆದ್ದವನು ನಾನೇ!" ಎಂದು ಮೀಸೆ ತಿರುವಿದ. ಮೀಸೆಯಿಂದ ಲೇಹ್ಯ ಘಮ್ಮೆಂದಿತು. ಚಂದ್ರವ್ವನ ಮೂಗು ಅರಳಿತು.

"ಅಳೆಯದ ಹೊಡೆತ ಎಣಿಕೆಗಿಲ್ಲ ಬುದ್ಧಿ," ಎಂದಳು ರಾಜನಿಗೆ. "ಹೊಡೆದವನೇ ಬಗ್ಗಿ ಅಳೀಬೇಕು. ಮೂರನ್ನೂ, ಹೊತ್ತು ಮುಳುಗೋದ್ರೊಳಗೆ. ಹಿರಿಯರ ಕಟ್ಟಳೆ."

"ಹೌದಲ್ಲ! ಅಳೆಯೋ ಬೊಪ್ಪಣ್ಣ," ಎಂದ ರಾಜ.

ಬೊಪ್ಪಣ್ಣ ಬಗ್ಗಿದ. ಕೆರೆಯಲ್ಲಿ ಮುಳುಗೇಳುತ್ತ ಅಳೆದ. ಚಂದ್ರವ್ವ ಏರಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಎಣಿಸಿದಳು. ಜಾಲಿಮುಳ್ಳಿನಲ್ಲಿ ತೆವಳುತ್ತ ಅಳೆದ. ಪಂಚೆ ಅಲ್ಲೇ ಉಳಿಯಿತು, ಚಡ್ಡಿ ಈಚೆ ಬಂತು. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಲೇಹ್ಯದ ಬಲ ಸರ್ರನೆ ಇಳಿದುಹೋಯಿತು. ಬಗ್ಗಿದವನು ಏಳಲಾರ, ಎದ್ದರೆ ನಿಲ್ಲಲಾರ.

"ಎಷ್ಟಾಯ್ತವ್ವಾ?"

"ಇನ್ನೂ ಹತ್ತಿಲ್ಲ, ಇಳಿದಿಲ್ಲ. ನಡಿಯಪ್ಪಾ ಬಲಭೀಮ!"

"ಅಯ್ಯೋ ನನ್ನ ಸೊಂಟ! ಹೊಡೆದದ್ದು ನಾನಲ್ಲ ಕಣವ್ವೋ, ಕುದುರೆ ಲೇಹ್ಯ!"

"ಹಂಗಾದ್ರೆ ಮಿಕ್ಕಿದ್ದನ್ನ ಕುದುರೇನೇ ಅಳೀಲಿ ಬಿಡು," ಎಂದಳು ಚಂದ್ರವ್ವ.

ರಾಜ ನಕ್ಕೂ ನಕ್ಕೂ ಕಿರೀಟ ಬೀಳಿಸಿಕೊಂಡ. ಸಿದ್ದಲಿಂಗ ಅರಮನೆಯಲ್ಲೇ ಉಳಿದ. ಬೊಪ್ಪಣ್ಣ ಬಗ್ಗಿದವನು ಬಗ್ಗಿದಂತೆಯೇ ಊರು ಬಿಟ್ಟ. ಸಿದ್ದಲಿಂಗ ಗಡಿಯವರೆಗೂ ಹೋಗಿ, ಅವನ ಸೊಂಟಕ್ಕೆ ಎಣ್ಣೆ ತಿಕ್ಕಿ, "ದೇವರು ಒಳ್ಳೇದು ಮಾಡ್ಲಿ ಕಣೋ, ನಾಳೆಯಿಂದ ನೂರು ಹೊಡಿ," ಎಂದು ಬಂದ.

ತಿಳಿಯಿತೇ ಕಂದಮ್ಮಗಳಿರಾ? ಬೆವರು ಸುರಿಸಿದ ತೋಳಿಗೆ ಭಗವಂತ ಬಲ ಕೊಡುತ್ತಾನೆ. ಕದ್ದು ತಿಂದ ಬಲ ಸಂಜೆಯವರೆಗೂ ಉಳಿಯುವುದಿಲ್ಲ. ಮೋಸದಿಂದ ಗೆದ್ದದ್ದು ಗೆಲುವೇ ಅಲ್ಲ.